ತರಗತಿಗೊಂದು ವಾಟ್ಸಾಪ್ ಗ್ರೂಪ್: ಮೇಷ್ಟ್ರಿಗೂ ಪೋಷಕರಿಗೂ ಒಂದು ಮಾರ್ಗದರ್ಶಿ

ಜೂನ್ ಬಂತು ಅಂದರೆ ಸಾಕು, ಅದೇ ಪ್ರಶ್ನೆಗಳು ಶುರು. "ಕ್ಲಾಸಿಗೆ ಒಂದು ಗ್ರೂಪ್ ಮಾಡಬೇಕು ಸರ್, ಮಕ್ಕಳನ್ನೂ ಸೇರಿಸಬಹುದಾ?" ಅಂತ ಮೂಡಿಗೆರೆ, ಕೊಪ್ಪ ಕಡೆಯ ಟೀಚರುಗಳು ಕೇಳುತ್ತಾರೆ. ಸಕಲೇಶಪುರ, ಆಲೂರು ಕಡೆಯ ಪೋಷಕರದ್ದು ಇನ್ನೊಂದು ಗೋಳು: "ದಿನಾ ರಾಶಿ ಮೆಸೇಜ್ ಬರ್ತವೆ, ಅದರಲ್ಲಿ ಹೋಂವರ್ಕ್ ಯಾವುದು, ಗುಡ್ ಮಾರ್ನಿಂಗ್ ಯಾವುದು ಒಂದೂ ಗೊತ್ತಾಗಲ್ಲ." ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಗ್ರೂಪಿನಲ್ಲಿ ಪಾಠ ಮಾಡಲು ಹೋಗಬೇಡಿ. ಪಾಠ ತರಗತಿಯಲ್ಲೇ ಆಗಬೇಕು. ಗ್ರೂಪ್ ಇರುವುದು ಸೂಚನೆ ಮುಟ್ಟಿಸುವುದಕ್ಕೆ, ಕಲಿತದ್ದನ್ನು ಇನ್ನೊಮ್ಮೆ ನೆನಪು ಮಾಡುವುದಕ್ಕೆ, ಶಾಲೆಯಲ್ಲಿ ಏನು ನಡೀತಿದೆ ಅಂತ ಮನೆಯವರಿಗೆ ತಿಳಿಸುವುದಕ್ಕೆ. ಗ್ರೂಪ್ ಸರಿಯಾಗಿದೆಯಾ ಇಲ್ಲವಾ ಅಂತ ನೋಡಲು ನಾನು ಕೇಳುವ ಪ್ರಶ್ನೆ ಒಂದೇ: ಮನೆಯಲ್ಲಿ ಫೋನ್ ಇಲ್ಲದ ಮಗುವಿಗೆ ಇದರಿಂದ ನಷ್ಟ ಆಗ್ತಿದೆಯಾ? ಆಗ್ತಿದ್ದರೆ ಆ ಗ್ರೂಪ್ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ತಿದ್ದಲೇಬೇಕು.

ಬೇಕಾಗುವುದು ಇಷ್ಟು: ಮುಖ್ಯ ಶಿಕ್ಷಕರ ಒಪ್ಪಿಗೆ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯ ಪುಸ್ತಕದಲ್ಲಿ ಒಂದು ಸಾಲು, ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ, ಸಾಧ್ಯವಾದರೆ ಶಾಲೆಯ ಕೆಲಸಕ್ಕೆಂದೇ ಬೇರೆ ಸಿಮ್. ಆ ಸಿಮ್‌ಗೆ ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಅಂಗಡಿ ಇರಬೇಕೆಂದೂ ಇಲ್ಲ. "ಈಗ ಶಾಲೆಯ ಸಮಯ ಅಲ್ಲ, ನಾಳೆ ಉತ್ತರಿಸುತ್ತೇನೆ" ಅಂತ ತಾನಾಗಿಯೇ ಉತ್ತರ ಹೋಗುವ ಹಾಗೆ ಇಡಬಹುದು. ಮಹಿಳಾ ಶಿಕ್ಷಕಿಯರಿಗೆ ಬೇರೆ ನಂಬರ್ ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ರಾತ್ರಿ ಹನ್ನೊಂದಕ್ಕೆ ಬರುವ ಕರೆಗಳ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಹಂತ 1: ಮೊದಲು ಫೋನಿನ ಲೆಕ್ಕ ತೆಗೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ದಾಖಲಾತಿ ಪುಸ್ತಕದಲ್ಲಿರುವ ನಂಬರುಗಳನ್ನು ಹಾಗೇ ಗ್ರೂಪಿಗೆ ಸುರಿದುಬಿಡುತ್ತಾರೆ. ಅದರಲ್ಲಿ ಅರ್ಧ ನಂಬರು ಹಳೆಯವು, ಕೆಲವು ಪಕ್ಕದ ಮನೆಯವರವು, ಒಂದೆರಡು ತೋಟದ ಲೆಕ್ಕ ಬರೆಯುವ ರೈಟರದ್ದು.

ಒಂದು ಹಾಳೆಯಲ್ಲಿ ಮಗುವಿನ ಹೆಸರಿನ ಮುಂದೆ ನಾಲ್ಕು ಕಾಲಂ ಹಾಕಿ. ಫೋನ್ ಯಾರದ್ದು? ಸ್ಮಾರ್ಟ್‌ಫೋನಾ, ಬಟನ್ ಫೋನಾ? ಅದು ಮನೆಯಲ್ಲಿ ಇರುವುದು ಯಾವ ಹೊತ್ತಿಗೆ? ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಾ? ಮಕ್ಕಳನ್ನೇ ಕೇಳಿದರೆ ಅರ್ಧ ಗಂಟೆಯ ಕೆಲಸ.

ಈ ಹಾಳೆ ಕೈಯಲ್ಲಿ ಹಿಡಿದಾಗ ಚಿತ್ರ ಬೇರೆಯೇ ಕಾಣುತ್ತದೆ. ಅಪ್ಪ ಲಾರಿ ಡ್ರೈವರ್ ಆಗಿದ್ದರೆ ಫೋನ್ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿರುತ್ತದೆ, ಮಗು ಮನೆಯಲ್ಲಿರುತ್ತದೆ. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸಗಾರರ ಸಾಲು ಮನೆಗಳಲ್ಲಿ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಬರುವುದೇ ಸಂಜೆ. ಕೆಲವು ಕಡೆ ಫೋನ್ ಇದ್ದರೂ ಗುಡ್ಡ ಹತ್ತಿದರೆ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್. ಜುಲೈ ಮಳೆಗೆ ಕರೆಂಟ್ ಹೋಯಿತು ಅಂದರೆ ಟವರಿನ ಬ್ಯಾಟರಿಯೂ ಮುಗಿದು ಊರಿಗೆ ಊರೇ ಸುಮ್ಮನಾಗುತ್ತದೆ.

ಹಾಗಾಗಿ ಒಂದು ನಿಯಮ ಮಾಡಿಕೊಳ್ಳಿ: ಗ್ರೂಪಿಗೆ ಹೋಗುವ ಯಾವುದೇ ಸೂಚನೆ ಅದಕ್ಕೂ ಮೊದಲು ತರಗತಿಯ ಬೋರ್ಡಿನ ಮೇಲೆ ಬಂದಿರಬೇಕು, ಮಕ್ಕಳ ಡೈರಿಯಲ್ಲಿ ಇಳಿದಿರಬೇಕು. ಫೋನ್ ಇಲ್ಲದ ಮಗುವಿಗೆ ಅದೇ ಓಣಿಯ ಅಥವಾ ಅದೇ ಲೈನಿನ ಇನ್ನೊಂದು ಮಗುವನ್ನು ಜೊತೆ ಮಾಡಿ. ತುರ್ತು ವಿಷಯ ಇದ್ದರೆ ಬಟನ್ ಫೋನಿನವರಿಗೆ ಒಂದು ಕರೆ ಮಾಡಿಬಿಡಿ.

ಹಂತ 2: ಒಪ್ಪಿಗೆ ಪಡೆಯಿರಿ, ಮಕ್ಕಳ ನಂಬರ್ ಬೇಡ

ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಈ ಮೂರರಲ್ಲೂ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು ಅಂತ ಆಯಾ ಕಂಪನಿಗಳ ನಿಯಮವೇ ಇದೆ. ಅಂದರೆ ಪ್ರಾಥಮಿಕ ಶಾಲೆಯ ಮಕ್ಕಳನ್ನು ಸೇರಿಸುವ ಪ್ರಶ್ನೆಯೇ ಇಲ್ಲ. ಹೈಸ್ಕೂಲಿನಲ್ಲೂ ನನ್ನ ಸಲಹೆ ಒಂದೇ: ಪೋಷಕರ ನಂಬರ್ ಮಾತ್ರ ಸೇರಿಸಿ. ಮಗು ಆ ಫೋನಿನಲ್ಲೇ ನೋಡಿಕೊಳ್ಳಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳು ಅಂತಲೇ ಲೆಕ್ಕ ಹಾಕುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ದತ್ತಾಂಶ ಅಂದರೆ ಹೆಸರು, ಫೋಟೊ, ನಂಬರ್, ವಿಳಾಸ, ಅಂಕ ಎಲ್ಲವೂ.

ಒಪ್ಪಿಗೆ ಪತ್ರ ಉದ್ದ ಇರಬೇಕಾಗಿಲ್ಲ. ಹೀಗೆ ಬರೆದರೆ ಸಾಕು:

"ನನ್ನ ನಂಬರನ್ನು 8ನೇ ತರಗತಿಯ ಶಾಲಾ ಗ್ರೂಪಿಗೆ ಸೇರಿಸಲು ಒಪ್ಪಿದ್ದೇನೆ: ಹೌದು / ಇಲ್ಲ. ಶಾಲಾ ಕಾರ್ಯಕ್ರಮಗಳಲ್ಲಿ ತೆಗೆದ ನನ್ನ ಮಗುವಿನ ಫೋಟೊವನ್ನು ಈ ಗ್ರೂಪಿನಲ್ಲಿ ಹಾಕಬಹುದು: ಹೌದು / ಇಲ್ಲ. ಶಾಲೆಯ ಫೇಸ್‌ಬುಕ್ ಪುಟದಲ್ಲಿ ಹಾಕಬಹುದು: ಹೌದು / ಇಲ್ಲ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು ನನಗೆ ತಿಳಿಸಿದ್ದಾರೆ."

ಮೂರನ್ನೂ ಬೇರೆ ಬೇರೆಯಾಗಿ ಕೇಳುವುದು ಮುಖ್ಯ. ಗ್ರೂಪಿಗೆ ಸೇರಿಸಿ ಅನ್ನುವವರೆಲ್ಲ ಫೇಸ್‌ಬುಕ್ಕಿಗೂ ಒಪ್ಪಿರುತ್ತಾರೆ ಅಂತ ಏನಿಲ್ಲ. ಓದಲು ಬಾರದ ಪೋಷಕರಿಗೆ ಓದಿ ಹೇಳಿ. "ಇಲ್ಲ" ಅಂದವರನ್ನು ಯಾಕೆ ಅಂತ ಕೆದಕಬೇಡಿ.

ಹಂತ 3: ಗ್ರೂಪ್ ಕಟ್ಟಿ, ಬೀಗ ಹಾಕಿ

ಮಾಮೂಲಿ ಗ್ರೂಪಿನಲ್ಲಿ ದೊಡ್ಡ ತೊಂದರೆ ಒಂದಿದೆ. ಒಳಗಿರುವ ಎಲ್ಲರಿಗೂ ಎಲ್ಲರ ನಂಬರೂ ಕಾಣುತ್ತದೆ. ಮಕ್ಕಳ ತಾಯಂದಿರಿಗೆ, ಅಕ್ಕಂದಿರಿಗೆ ಗೊತ್ತಿಲ್ಲದವರ ಮೆಸೇಜ್ ಬರಲು ಶುರುವಾಗುವುದು ಇಲ್ಲಿಂದಲೇ. ಇದಕ್ಕೆ ದಾರಿ ವಾಟ್ಸಾಪ್ ಕಮ್ಯುನಿಟಿ. ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ವ್ಯವಸ್ಥೆ ಅದು. ಅದರಲ್ಲಿ ಅನೌನ್ಸ್‌ಮೆಂಟ್ಸ್ ಅನ್ನುವ ಗ್ರೂಪ್ ತಾನಾಗಿಯೇ ಬರುತ್ತದೆ. ಅಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಸದಸ್ಯರ ನಂಬರ್ ಬೇರೆ ಸದಸ್ಯರಿಗೆ ಕಾಣುವುದಿಲ್ಲ. ಅಡ್ಮಿನ್ ಅಂದರೆ ಗ್ರೂಪನ್ನು ನಡೆಸುವವರು. ಪೋಷಕರನ್ನು ಇದೊಂದಕ್ಕೇ ಸೇರಿಸಿ, ಒಳಗಿನ ಬೇರೆ ಗ್ರೂಪುಗಳಿಗೆ ಬೇಡ.

ಕಮ್ಯುನಿಟಿ ರಗಳೆ ಅನ್ನಿಸಿದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಒಂದು ಮೆಸೇಜ್ 256 ಜನರಿಗೆ ಬೇರೆ ಬೇರೆಯಾಗಿ ಹೋಗುತ್ತದೆ, ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುವುದು. ಸೇವ್ ಮಾಡಿಸದೇ ಇದ್ದರೆ ನೀವು ಕಳಿಸುತ್ತಾ ಇರುತ್ತೀರಿ, ಅವರಿಗೆ ಏನೂ ಬಂದಿರುವುದಿಲ್ಲ. ಪೋಷಕರ ಸಭೆಯಲ್ಲೇ ಕೂರಿಸಿಕೊಂಡು ಸೇವ್ ಮಾಡಿಸಿಬಿಡಿ.

ಮಾಮೂಲಿ ಗ್ರೂಪೇ ಸಾಕು ಅನ್ನುವವರು ಕನಿಷ್ಠ ಇಷ್ಟು ಮಾಡಿ. ಗ್ರೂಪಿನ ಹೆಸರಿನ ಮೇಲೆ ಒತ್ತಿ, ಗ್ರೂಪ್ ಪರ್ಮಿಷನ್ಸ್‌ಗೆ ಹೋಗಿ, ಸದಸ್ಯರು ಮೆಸೇಜ್ ಕಳಿಸುವುದನ್ನು, ಗ್ರೂಪಿನ ಹೆಸರು, ಚಿತ್ರ ಬದಲಿಸುವುದನ್ನು, ಹೊಸಬರನ್ನು ಸೇರಿಸುವುದನ್ನು ಆಫ್ ಮಾಡಿ. ಗ್ರೂಪ್ ಲಿಂಕನ್ನು ಎಲ್ಲೂ ಹಾಕಬೇಡಿ. ಲಿಂಕ್ ಒಬ್ಬರ ಸ್ಟೇಟಸ್‌ಗೆ ಹೋಯಿತು ಅಂದರೆ ಊರವರೆಲ್ಲ ಒಳಗೆ ಬರಬಹುದು. ಅಡ್ಮಿನ್ ಇಬ್ಬರು ಇರಲಿ: ತರಗತಿ ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರು. ಒಬ್ಬರಿಗೆ ವರ್ಗ ಆದರೆ ಗ್ರೂಪ್ ಅನಾಥ ಆಗಬಾರದು.

ಮಕ್ಕಳಿಗೆಂದು ಒಂದು, ಪೋಷಕರಿಗೆಂದು ಒಂದು, ಇಬ್ಬರಿಗೂ ಸೇರಿ ಇನ್ನೊಂದು ಅಂತ ಮೂರು ಗ್ರೂಪ್ ಮಾಡುವ ಹುರುಪು ಕೆಲವರಿಗಿದೆ. ಬೇಡ. ಆಗಸ್ಟ್ ಹೊತ್ತಿಗೆ ಯಾವುದರಲ್ಲಿ ಏನು ಹಾಕಿದ್ದೆ ಅಂತ ನಿಮಗೇ ನೆನಪಿರುವುದಿಲ್ಲ.

ಹಂತ 4: ನಿಯಮ ಮೊದಲ ದಿನವೇ ಹೇಳಿ

ಗ್ರೂಪಿಗೆ ಹೋಗುವ ಮೊದಲ ಮೆಸೇಜೇ ನಿಯಮಗಳದ್ದಾಗಲಿ. ಬರೆದು ಹಾಕಿ, ಜೊತೆಗೆ ವಾಯ್ಸ್ ಮೆಸೇಜಿನಲ್ಲೂ ಹೇಳಿ. ಸೂಚನೆ ಸಂಜೆ 6ರಿಂದ 8ರೊಳಗೆ ಬರುತ್ತದೆ. ರಾತ್ರಿ 8ರ ನಂತರ ತುರ್ತು ಇದ್ದರೆ ಮಾತ್ರ. ಪ್ರಶ್ನೆ ಇದ್ದರೆ ಶಿಕ್ಷಕರಿಗೆ ನೇರವಾಗಿ ಕಳಿಸಿ. ಅಂಕದ ಬಗ್ಗೆ, ಒಂದು ಮಗುವಿನ ನಡತೆಯ ಬಗ್ಗೆ ಗ್ರೂಪಿನಲ್ಲಿ ಮಾತಿಲ್ಲ. ರಾಜಕೀಯ, ಜಾತಿ, ದೇವರು, ಚೀಟಿ, ವ್ಯಾಪಾರ ಯಾವುದೂ ಇಲ್ಲ.

ಸಂಜೆ 6ರಿಂದ 8 ಯಾಕೆ ಅಂದರೆ ಫೋನ್ ಮನೆಗೆ ಬರುವ ಹೊತ್ತು ಅದು. ನಿಮ್ಮ ಹಾಳೆಯ ಮೂರನೇ ಕಾಲಂ ಬೇರೆ ಹೇಳಿದರೆ ಹೊತ್ತನ್ನು ಅದಕ್ಕೆ ತಕ್ಕ ಹಾಗೆ ಬದಲಿಸಿಕೊಳ್ಳಿ.

ಶಿಕ್ಷಕರಿಗೂ ನಿಯಮ ಇದೆ. ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಪೂರ್ತಿ ತರಗತಿಯ ಹೆಸರಿನ ಜೊತೆ ಹಾಕುವುದು, ಶುಲ್ಕ ಬಾಕಿ ಇರುವವರ ಪಟ್ಟಿ ಹಾಕುವುದು, "ಇವರು ಇವತ್ತೂ ಹೋಂವರ್ಕ್ ತಂದಿಲ್ಲ" ಅಂತ ಫೋಟೊ ಹಾಕುವುದು ಈಗಲೂ ನಡೀತಿದೆ. ಇದರಿಂದ ಯಾವ ಮಗುವೂ ಓದಲು ಶುರು ಮಾಡಿದ್ದನ್ನು ನಾನಂತೂ ಕಂಡಿಲ್ಲ. ಅಂಕವನ್ನು ಆಯಾ ಪೋಷಕರಿಗೆ ಮಾತ್ರ ಕಳಿಸಿ.

ಹಂತ 5: ಏನು ಹಾಕಬೇಕು, ಹೇಗೆ ಹಾಕಬೇಕು

ದಿನಕ್ಕೆ ಒಂದೇ ಮೆಸೇಜ್. ಎಲ್ಲ ವಿಷಯದ ಶಿಕ್ಷಕರೂ ತರಗತಿ ಶಿಕ್ಷಕರಿಗೆ ಕೊಡಲಿ, ಅವರು ಸೇರಿಸಿ ಹಾಕಲಿ. ಮಾದರಿ ಹೀಗೆ:

"ಜುಲೈ 8, ಮಂಗಳವಾರ. 8ನೇ ತರಗತಿ.
ಇವತ್ತು ನಡೆದದ್ದು: ವಿಜ್ಞಾನದಲ್ಲಿ ಘರ್ಷಣೆ, ಗಣಿತದಲ್ಲಿ ವರ್ಗಮೂಲ.
ಮನೆಗೆಲಸ: ಗಣಿತದ 3, 4, 5ನೇ ಲೆಕ್ಕ. ಬೇರೆ ಏನೂ ಇಲ್ಲ.
ನಾಳೆ ತರಬೇಕಾದ್ದು: ಒಂದು ಮೀಟರ್ ದಾರ.
ಮನೆಯಲ್ಲಿ ಕೇಳಿ: ಒದ್ದೆ ಅಂಗಳದಲ್ಲಿ ಕಾಲು ಯಾಕೆ ಜಾರುತ್ತೆ?"

ಕೊನೆಯ ಸಾಲು ನೋಡಿ. ಓದು ಬರಹ ಜಾಸ್ತಿ ಇಲ್ಲದ ಅಮ್ಮನೂ ಈ ಪ್ರಶ್ನೆಯನ್ನು ಮಗುವಿಗೆ ಕೇಳಬಹುದು. ಊಟಕ್ಕೆ ಕೂತಾಗ ಐದು ನಿಮಿಷ ಮಾತಾದರೆ ಪಾಠ ಇನ್ನೊಂದು ಸಲ ಆದ ಹಾಗೆ. ಇಡೀ ಗ್ರೂಪಿನಲ್ಲಿ ನನಗೆ ಬಹಳ ಬೆಲೆಯದು ಅನ್ನಿಸುವುದು ಈ ಒಂದು ಸಾಲು.

ಇದನ್ನೇ ಒಂದು ನಿಮಿಷದೊಳಗಿನ ವಾಯ್ಸ್ ಮೆಸೇಜ್ ಮಾಡಿ ಹಾಕಿ. ತೋಟಗಳಲ್ಲಿ ತಮಿಳು ಮಾತಾಡುವವರು, ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರು ಇದ್ದಾರೆ. ಅವರ ಭಾಷೆ ಬಲ್ಲ ಸಹೋದ್ಯೋಗಿಯೋ ಪೋಷಕರೋ ಇದ್ದರೆ ಮುಖ್ಯವಾದ ಸೂಚನೆಗಳನ್ನಾದರೂ ಆ ಭಾಷೆಯಲ್ಲಿ ಹೇಳಿಸಿ.

ವಿಡಿಯೊ ವಿಷಯದಲ್ಲಿ ಕೈ ಹಿಡಿತ ಇರಲಿ. ಹತ್ತು ನಿಮಿಷದ ವಿಡಿಯೊ ಕಳಿಸಿದರೆ ಕಡಿಮೆ ಡೇಟಾ ಪ್ಯಾಕ್ ಇರುವವರ ಆ ದಿನದ ಡೇಟಾ ಅಲ್ಲಿಗೆ ಮುಗಿಯಬಹುದು. ವಿಡಿಯೊ ಬೇಕೇ ಬೇಕು ಅಂದರೆ ಯೂಟ್ಯೂಬಿಗೆ ಹಾಕಿ ಲಿಂಕ್ ಕೊಡಿ. ಹಾಕುವಾಗ ಅನ್‌ಲಿಸ್ಟೆಡ್ ಅಂತ ಆರಿಸಿ. ಲಿಂಕ್ ಇದ್ದವರು ಮಾತ್ರ ನೋಡಬಹುದು, ಹುಡುಕಿದರೆ ಸಿಗುವುದಿಲ್ಲ. ನೆಟ್‌ವರ್ಕ್ ಕಡಿಮೆ ಇರುವಲ್ಲಿ 144ಪಿ ಅಥವಾ 240ಪಿ ಗುಣಮಟ್ಟದಲ್ಲಿ ನೋಡುವುದನ್ನು ಮಕ್ಕಳಿಗೆ ತೋರಿಸಿಕೊಡಿ. ಎಲ್ಲವನ್ನೂ ನೀವೇ ಮಾಡಬೇಕು ಅಂತಲೂ ಇಲ್ಲ. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್, ಅಂದರೆ ಆ ಕಪ್ಪು ಬಿಳಿ ಚೌಕ, ಅದನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ಬರುತ್ತದೆ. ಕೋವಿಡ್ ಹೊತ್ತಿನಲ್ಲಿ ಚಂದನ ವಾಹಿನಿಯಲ್ಲಿ ಬಂದ 'ಸಂವೇದ' ಪಾಠಗಳೂ ಯೂಟ್ಯೂಬಿನಲ್ಲಿವೆ. ಆದರೆ ಪಠ್ಯ ಪರಿಷ್ಕರಣೆ ಆಗಿರುತ್ತದೆ. ಲಿಂಕ್ ಕಳಿಸುವ ಮುಂಚೆ ಈಗಿನ ಪುಸ್ತಕದ ಜೊತೆ ಹೊಂದುತ್ತದಾ ಅಂತ ನೋಡಿಕೊಳ್ಳಿ.

ಹಂತ 6: ಗ್ರೂಪಿನಿಂದ ಮಕ್ಕಳ ಕೈಗೆ ಕೆಲಸ ಕೊಡಿ

ಸುಮ್ನೆ ಸೂಚನೆ ಹಾಕುತ್ತಾ ಹೋದರೆ ಗ್ರೂಪ್ ಸಪ್ಪೆ ಆಗುತ್ತದೆ. ನಮ್ಮ ಕಡೆಗೆ ಹೇಳಿ ಮಾಡಿಸಿದ ಒಂದು ಚಟುವಟಿಕೆ ಇದೆ: ಮಳೆ ಅಳೆಯುವುದು.

ಕಾಫಿ ತೋಟದವರ ಮನೆಗಳಲ್ಲಿ ಮಳೆ ಮಾಪಕ ಇರುವುದು, ದಿನಾ ಬೆಳಿಗ್ಗೆ ಇಂಚು ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ಹಳೆಯ ರೂಢಿ. ಒಂದು ಇಂಚಿಗೆ 100 ಸೆಂಟ್. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಮಾಪಕ ಇಲ್ಲದವರು ತಳ ಸಮ ಇರುವ, ಬದಿ ನೇರ ಇರುವ ಡಬ್ಬವನ್ನು ಬಯಲಲ್ಲಿ ಇಡಲಿ. ಸೂರಿನ ನೀರು, ಮರದ ಹನಿ ಬೀಳಬಾರದು. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಅದ್ದಿ ನೀರಿನ ಆಳ ನೋಡಿದರೆ ಅದೇ ಮಳೆಯ ಅಳತೆ. ಹವಾಮಾನ ಇಲಾಖೆಯವರೂ ದಿನದ ಮಳೆ ಲೆಕ್ಕ ಹಾಕುವುದು ಬೆಳಿಗ್ಗೆ ಎಂಟೂವರೆಗೇ. ಶಾಲೆಗೆ ಹೊರಟುಬಿಡುವ ಮಕ್ಕಳು ಏಳೂವರೆಗೇ ಅಳೆಯಲಿ. ಹೊತ್ತು ದಿನಾ ಒಂದೇ ಇದ್ದರೆ ಸಾಕು.

ಊರಿನ ಹೆಸರು ಮತ್ತು ಅಳತೆ, ಎರಡನ್ನೇ ಶಿಕ್ಷಕರ ನಂಬರಿಗೆ ಕಳಿಸಲಿ. ಫೋನ್ ಇಲ್ಲದ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದು ತರಲಿ. ನೀವು ಎಲ್ಲವನ್ನೂ ಒಂದೇ ಪಟ್ಟಿ ಮಾಡಿ, ವಾರಕ್ಕೊಮ್ಮೆ ಬೋರ್ಡಿನಲ್ಲೂ ಗ್ರೂಪಿನಲ್ಲೂ ಹಾಕಿ. ಪಟ್ಟಿಯಲ್ಲಿ ಫೋನಿನಿಂದ ಬಂದದ್ದು ಯಾವುದು, ಪುಸ್ತಕದಿಂದ ಬಂದದ್ದು ಯಾವುದು ಅಂತ ಗೊತ್ತೇ ಆಗಬಾರದು. ನಂತರ ಲೆಕ್ಕಕ್ಕೆ ಇಳಿಸಿ. 2 ಇಂಚು 40 ಸೆಂಟ್ ಎಷ್ಟು ಮಿಲಿಮೀಟರ್? 2.40 ಗುಣಿಲೆ 25.4, ಅಂದರೆ ಸುಮಾರು 61. ವಾರದ ಸರಾಸರಿ ತೆಗೆಸಿ, ಸ್ತಂಭ ನಕ್ಷೆ ಬರೆಸಿ. ಅರಸೀಕೆರೆಯಲ್ಲೋ ಕಡೂರಿನಲ್ಲೋ ಪರಿಚಯದ ಶಿಕ್ಷಕರಿದ್ದರೆ ಅವರ ಶಾಲೆಯ ಪಟ್ಟಿಯನ್ನೂ ತರಿಸಿ ಪಕ್ಕದಲ್ಲಿಡಿ. ಒಂದೇ ಹಾಸನ ಜಿಲ್ಲೆಯಲ್ಲಿ ಸಕಲೇಶಪುರದ ಮಳೆಗೂ ಅರಸೀಕೆರೆಯ ಮಳೆಗೂ ಇರುವ ಅಂತರ ನೋಡಿದರೆ ಘಟ್ಟ, ಬಯಲುಸೀಮೆ ಅನ್ನುವ ಭೂಗೋಳದ ಪಾಠ ತಾನಾಗಿ ತಲೆಗೆ ಹೋಗುತ್ತದೆ. ತಾತಂದಿರು ಹಳೆಯ ಮಳೆ ಪುಸ್ತಕ ತೆಗೆದುಕೊಂಡು ಬರುವುದೂ ಉಂಟು!

ಎಚ್ಚರಿಕೆ: ಹಳ್ಳ ಉಕ್ಕಿದ್ದರ, ಧರೆ ಕುಸಿದದ್ದರ ಫೋಟೊ ಕಳಿಸಿ ಅಂತ ಮಕ್ಕಳಿಗೆ ಯಾವತ್ತೂ ಹೇಳಬೇಡಿ. ಒಳ್ಳೆಯ ಫೋಟೊ ಬೇಕು ಅಂತ ನೀರಿನ ಅಂಚಿಗೆ ಹೋಗುತ್ತಾರೆ.

ಬೇಲೂರು, ಹಳೇಬೀಡು ಹತ್ತಿರದ ಶಾಲೆಗಳಾದರೆ ವಾರಕ್ಕೊಂದು ಶಿಲ್ಪದ ಚಿತ್ರ ಹಾಕಿ "ಇದು ಯಾವ ಗೋಡೆಯಲ್ಲಿದೆ?" ಅಂತ ಕೇಳಬಹುದು. ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು ಅನ್ನುವುದಷ್ಟೇ ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲು.

ಹಂತ 7: ಫೋಟೊ ಹಾಕುವ ಮುನ್ನ

ಗುಂಪಿನ ಫೋಟೊ ಹಾಕಿ, ಒಂಟಿ ಮಗುವಿನ ಮುಖದ ಫೋಟೊ ಬೇಡ. ಹೆಸರು, ತರಗತಿ, ಊರು ಮೂರೂ ಒಟ್ಟಿಗೆ ಬೇಡ. ಒಪ್ಪಿಗೆ ಇಲ್ಲದ ಮಗು ಫೋಟೊದಲ್ಲಿದ್ದರೆ ಆ ಫೋಟೊ ಬೇಡ. ಶಾಲೆಗೆ ಫೇಸ್‌ಬುಕ್ ಪುಟ ಇರಲಿ, ಹಳೆಯ ವಿದ್ಯಾರ್ಥಿಗಳು, ದಾನಿಗಳು ನೋಡುತ್ತಾರೆ. ಆದರೆ ಅದು ಊರ ಮುಂದಿನ ಫಲಕ, ಮನೆಗೆಲಸ ಅಲ್ಲಿಗೆ ಹೋಗಬಾರದು. ನೃತ್ಯದ ರೀಲ್ಸ್ ಮಾಡಿ ಶಿಕ್ಷಕರ ಸ್ವಂತ ಇನ್‌ಸ್ಟಾಗ್ರಾಂ ಖಾತೆಗೆ ಹಾಕಿಕೊಳ್ಳುವುದನ್ನು ದಯವಿಟ್ಟು ಬಿಟ್ಟುಬಿಡಿ.

ಹಂತ 8: ಸುಳ್ಳು ರಜೆ, ಸುಳ್ಳು ಲಿಂಕ್

ಮಳೆಗಾಲದಲ್ಲಿ ರಾತ್ರಿ ಒಂಬತ್ತಕ್ಕೆ "ನಾಳೆ ಶಾಲೆಗಳಿಗೆ ರಜೆ" ಅಂತ ಆದೇಶದ ಪ್ರತಿಯೊಂದು ಓಡಾಡುತ್ತದೆ. ನೋಡಿದರೆ ಹೋದ ವರ್ಷದ್ದು, ಇಲ್ಲವೇ ಪಕ್ಕದ ಜಿಲ್ಲೆಯದು. ಜಿಲ್ಲಾಧಿಕಾರಿಗಳ ಆದೇಶ ಕೆಲವು ತಾಲ್ಲೂಕಿಗೆ ಮಾತ್ರ ಇರುವುದೂ ಉಂಟು. ಹಾಗಾಗಿ ದಿನಾಂಕ, ತಾಲ್ಲೂಕಿನ ಹೆಸರು ಎರಡನ್ನೂ ನೋಡಿ, ಮುಖ್ಯ ಶಿಕ್ಷಕರು ಖಚಿತಪಡಿಸಿದ ಮೇಲೆ ಮಾತ್ರ ಹಾಕಿ. "ಶಾಲೆಯ ಗ್ರೂಪಿನಲ್ಲಿ ಬಂದರೆ ಮಾತ್ರ ರಜೆ" ಅಂತ ಪೋಷಕರಿಗೆ ಮೊದಲೇ ಹೇಳಿಟ್ಟಿರಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ಫಾರ್ವರ್ಡ್ ಆದದ್ದು ಅಂತ ಅರ್ಥ. ಅಂಥದ್ದನ್ನು ನಂಬುವ ಮುಂಚೆ ಎರಡು ಸಲ ಯೋಚಿಸಿ.

ಇನ್ನೊಂದು ಕಾಟ ಹಣದ್ದು. "ವಿದ್ಯಾರ್ಥಿ ವೇತನ ಬಂದಿದೆ, ಇಲ್ಲಿ ಒತ್ತಿ" ಅನ್ನುವ ಲಿಂಕ್, ಎಪಿಕೆ ಅಂತ ಕೊನೆಯಾಗುವ ಫೈಲ್. ಎಪಿಕೆ ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಫೋನಿಗೆ ಹಾಕುವ ಆ್ಯಪ್. ಒತ್ತಿದರೆ ಫೋನಿಗೆ ಬರುವ ಓಟಿಪಿ ಕಳ್ಳರ ಕೈಗೆ ಹೋಗಬಹುದು. ರಾಜ್ಯ ಸರ್ಕಾರದ ವಿದ್ಯಾರ್ಥಿ ವೇತನದ ಅರ್ಜಿ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಜಾಲತಾಣದಲ್ಲೇ. ದುಡ್ಡು ಹೋಯಿತು ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಗುವಿಗೆ ಯಾರಾದರೂ ಕೆಟ್ಟದಾಗಿ ಮೆಸೇಜ್ ಮಾಡುತ್ತಿದ್ದರೆ ಮೆಸೇಜನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಪೊಲೀಸರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಹಂತ 9: ಪೋಷಕರು ತಮ್ಮ ಫೋನಿನಲ್ಲಿ ಮಾಡಬೇಕಾದ್ದು

ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿಗೆ ಹೋಗಿ, ಗ್ರೂಪ್ಸ್ ಅನ್ನುವಲ್ಲಿ ಮೈ ಕಾಂಟ್ಯಾಕ್ಟ್ಸ್ ಆರಿಸಿ. ಪರಿಚಯ ಇಲ್ಲದವರು ನಿಮ್ಮನ್ನು ಗ್ರೂಪಿಗೆ ಎಳೆಯುವುದು ನಿಲ್ಲುತ್ತದೆ. ಹೀಗೆ ಮಾಡುವ ಮೊದಲು ಶಾಲೆಯ ನಂಬರ್ ಸೇವ್ ಆಗಿರಲಿ. ಸ್ಟೋರೇಜ್ ಅಂಡ್ ಡೇಟಾ ಅನ್ನುವಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ, ಡೇಟಾ ಉಳಿಯುತ್ತದೆ. ಅಕೌಂಟ್ ಅನ್ನುವಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ಇದೆ. ಆರು ಅಂಕಿಯ ಗುಟ್ಟಿನ ಸಂಖ್ಯೆ ಹಾಕಿಕೊಂಡರೆ ನಿಮ್ಮ ವಾಟ್ಸಾಪನ್ನು ಬೇರೆಯವರು ಕದಿಯುವುದು ಕಷ್ಟ.

ಮಗುವಿಗೆ ಫೋನ್ ಕೊಡುವುದಾದರೆ ನಡುಮನೆಯಲ್ಲಿ, ಹೊತ್ತು ಹೇಳಿ ಕೊಡಿ. "ಹೋಂವರ್ಕ್ ನೋಡ್ತಿದೀನಿ" ಅಂತ ಗಂಟೆಗಟ್ಟಲೆ ಹಿಡಿದು ಕೂತಿದ್ದರೆ ಶಿಕ್ಷಕರನ್ನು ಕೇಳಿ. ಗ್ರೂಪಿನ ಮೆಸೇಜ್ ಡೈರಿಗೆ ಬರೆದುಕೊಳ್ಳಲು ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ಹಂತ 10: ವರ್ಷ ಮುಗಿದ ಮೇಲೆ ಮುಚ್ಚಿ

ಏಪ್ರಿಲ್‌ನಲ್ಲಿ ಫಲಿತಾಂಶ ಕೊಟ್ಟ ಮೇಲೆ ಕೊನೆಯ ಸೂಚನೆ ಹಾಕಿ, ಒಂದು ವಾರ ಬಿಟ್ಟು ಸದಸ್ಯರನ್ನು ಒಬ್ಬೊಬ್ಬರಾಗಿ ತೆಗೆದು, ಆಮೇಲೆ ನೀವು ಹೊರಗೆ ಬನ್ನಿ. ನೀವು ಸುಮ್ನೆ ಹೊರಬಂದರೆ ಗ್ರೂಪ್ ಉಳಿದುಕೊಳ್ಳುತ್ತದೆ, ಬೇರೆ ಯಾರೋ ಅಡ್ಮಿನ್ ಆಗುತ್ತಾರೆ, ಶಾಲೆಯ ಹೆಸರಿನಲ್ಲಿ ಸೈಟು ಮಾರಾಟದ ಜಾಹೀರಾತು ಬರುತ್ತದೆ. ಎಸ್‌ಎಸ್‌ಎಲ್‌ಸಿ ಗ್ರೂಪನ್ನು ಮಾತ್ರ ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಿ. ಅಂಕಪಟ್ಟಿ, ಟಿಸಿ, ಮತ್ತೆ ಪರೀಕ್ಷೆಗೆ ಕೂರುವವರ ಅರ್ಜಿಯ ಕೊನೆಯ ದಿನಾಂಕ, ಇವೆಲ್ಲ ತಿಳಿಸುವುದಿರುತ್ತದೆ. ನಿಮ್ಮ ಫೋನಿನ ಗ್ಯಾಲರಿಯಲ್ಲಿ ಉಳಿದಿರುವ ಮಕ್ಕಳ ಫೋಟೊಗಳನ್ನು ಶಾಲೆಯ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿ. ಜೂನ್‌ನಲ್ಲಿ ಹೊಸ ತರಗತಿಗೆ ಹೊಸ ಹಾಳೆ ತೆಗೆದುಕೊಂಡು ಫೋನಿನ ಲೆಕ್ಕ ಮತ್ತೆ ಹಾಕಿ. ಹಳೆಯ ನಂಬರುಗಳನ್ನು ನಂಬಬೇಡಿ, ಬೇಸಿಗೆ ರಜೆಯಲ್ಲಿ ಸಿಮ್ ಬದಲಾಯಿಸುವವರು ಬಹಳ ಜನ.